ಹನ್ನೆರಡೂ ಮುಕ್ಕಾಲು

ಮಂಕಾಳಿ ಗೌಡ ಬಂದದ್ದು ಈರುಳ್ಳಿ ಮಾರಿ ಮುಗಿದ ಮೇಲೆ.
ಖಾಲಿ ಬುಟ್ಟಿಯಲ್ಲಿ ಗಂಡನಿಂದ ಅವಳ ಹೆಸರಿಗಾದ ಲೈಸೆನ್ಸು,
ಸೆರಗಿನ ಗಂಟಿನಲ್ಲಿ ಇಪ್ಪತ್ತೊಂಬತ್ತು ಸಾವಿರ.
ಎರಡು ಸಲ ಎಣಿಸಿದೆವು.
ಎರಡನೇ ಸಲ ನಾನೂರು ಹೆಚ್ಚು ಬಂತು,
ಅದನ್ನೇ ನಂಬಿದೆವು.

ಊರು ಹಂದಿಗೋಣ.
ಹೆಸರಿನಲ್ಲೇ ಹಂದಿಗೆ ಪಟ್ಟಾ ಬರೆದುಕೊಟ್ಟಿದ್ದಾರೆ ಹಿರಿಯರು.
ಗೆಣಸಿನ ಓಳಿಗಳನ್ನು ರಾತ್ರಿಯಿಡೀ ಉತ್ತು ಹೋಗುತ್ತವೆ,
ಕೂಲಿ ಕೇಳುವುದಿಲ್ಲ.
ಹಳೆಯ ಕೇಪಿನ ಕೋವಿಯ ನಳಿಗೆ ಹೊಟ್ಟೆಯುಬ್ಬಿ ಸೀಳಿತ್ತು.
'ಹುಬ್ಬಳ್ಳಿ ಅಂಗಡಿಯದು ತರ್ಲಾ, ನೀ ಮಾಡಿಕೊಡ್ತೀಯಾ?'

ನಾನು ಕುಮಟೆಯ ಗುಡಿಗಾರ.
ಗಂಧದ ಕೊರಡು ಕೈಗೆ ಸಿಗದಾದಾಗ
ಆನೆ, ಕೃಷ್ಣ, ಕುಂಕುಮದ ಭರಣಿ ಬಿಟ್ಟು
ಕೋವಿಮರಕ್ಕೆ ಇಳಿದವನು.
ಬೀಟೆ ಹದಕ್ಕೆ ಬರಲು ಒಂದು ಮಳೆಗಾಲ,
ಪರವಾನಗಿಯ ಅಂಗಡಿಯಿಂದ ಬರೀ ನಳಿಗೆ,
ನನ್ನ ಕೈಯ ಬೆಲೆ; ಎಲ್ಲ ಕೂಡಿ ನಲವತ್ತೊಂದು.
ಅಂಗಡಿಯದು ಇಪ್ಪತ್ತೇಳೂವರೆ,
ಹೆಗಲ ಪಟ್ಟಿ ಪುಕ್ಕಟೆ, ಸೋಮವಾರವೇ ಕೈಗೆ.

ಆದರೂ ಅಳತೆ ತೆಗೆದೆ. ಕೈ ಕೇಳಬೇಕಲ್ಲ.
ಮೊಣಕೈ ಮಡಿಚಲ್ಲಿಂದ ತೋರುಬೆರಳ ಗೆಣ್ಣಿಗೆ
ಹನ್ನೆರಡೂ ಮುಕ್ಕಾಲು ಇಂಚು.
ಕಾರ್ಖಾನೆ ಎಲ್ಲರಿಗೂ ಹದಿನಾಲ್ಕೂಕಾಲು ಕೊಡುತ್ತದೆ.
ಉದ್ದ ತೋಳಿನ ಯಾವನೋ ಒಬ್ಬ
ಅಲ್ಲಿ ಗೋಡೆಗೊರಗಿ ನಿಂತೇ ಇರಬೇಕು,
ಊಟಕ್ಕೂ ಹೋಗದೆ.

ಮಣಿ ತೆಗೀತೀಯಾ ಅಂದೆ.
ಕುತ್ತಿಗೆ ಕಾಣದಷ್ಟು ಸರ, ಎದೆ ತುಂಬ.
'ಹಂದಿ ಬಂದಾಗ ಮಣಿ ಬಿಚ್ಚಿಟ್ಟು ಓಡ್ಲಾ?'
ನಕ್ಕು, ಸೆರಗು ಸ್ವಲ್ಪ ಸರಿಸಿ ಹೆಗಲು ತೋರಿದಳು:
ಒದ್ದು ಒದ್ದು ಮಣಿ ಒಳಗೆ ಒತ್ತಿದ ಕಲೆ,
ಯಾರೋ ರಾಗಿ ಚೆಲ್ಲಿ ಹೋದ ಹಾಗೆ.
'ಮುಗಿಲಿಗೆ ಹೊಡೆದರೂ ಒದೆ ಹೆಗಲಿಗೇ, ಗುಡಿಗಾರ.'
ಅಳತೆಪಟ್ಟಿ ಮಡಚಿಟ್ಟೆ.
ರಾಗಿಗೆ ಅದರಲ್ಲಿ ಮನೆ ಇರಲಿಲ್ಲ.

ಆ ರಾತ್ರಿ ಕಂತಿನ ಲೆಕ್ಕ ಹಾಕಿ ನೋಡಿದೆ.
ಒಪ್ಪುತ್ತಿದ್ದಳು. ಎರಡು ವರ್ಷ
ಅವಳ ಈರುಳ್ಳಿ ನನ್ನ ಹಿತ್ತಿಲಿಗೆ ಬೀಳುತ್ತಿತ್ತು.
ಬೆಳಗಾಗೆದ್ದು ನನ್ನ ಮೇಲೆ ನಾನೇ ಸಾಕ್ಷಿ ಹೇಳಿದೆ:
ಹುಬ್ಬಳ್ಳಿಯದೇ ತಾ. ಒಂದೂವರೆ ಇಂಚು ಕೊಯ್ದು ಕೊಡ್ತೇನೆ,
ಬುಡಕ್ಕೆ ಸ್ಕೂಟರ್ ಟೈರಿನ ರಬ್ಬರು, ಆರು ನೂರು.
ಗ್ಯಾರಂಟಿ ಮಾತ್ರ ಹೋಗ್ತದೆ.
'ಹೋಗ್ಲಿ. ಹಂದಿ ಗ್ಯಾರಂಟಿ ಓದ್ತದಾ?'

ವಾರ್ನಿಷಿನ ಮೇಲೆ ಗರಗಸವಿಟ್ಟೆ.
ಒಳಗಿನ ಮರ ಬೆಳ್ಳಗೆ, ಪೆಚ್ಚಗೆ,
ಯಾವ ಕಾಡಿನದೆಂದು ಕೇಳಿದರೆ ತಲೆ ತಗ್ಗಿಸುವಂಥದು.
ಕೆನ್ನೆ ಕೂರುವಲ್ಲಿ ಒಂದು ನೂಲಿನಷ್ಟು ಇಳಿಸಿದೆ,
ಅದನ್ನು ಬಿಲ್ಲಿಗೆ ಬರೆಯಲಿಲ್ಲ.

ಮೂರನೇ ವರ್ಷ ಚುನಾವಣೆ. ಕೋವಿಗಳೆಲ್ಲ ಠಾಣೆಗೆ.
ವಾಪಸು ತರುವ ದಿನ ಅವಳ ಚೀಟಿ ಗೆದ್ದಲ ಹೊಟ್ಟೆಯಲ್ಲಿತ್ತು;
ಪರಿಚಯದವನೊಬ್ಬ ಇರಲೆಂದು ನನ್ನನ್ನು ಕರೆದೊಯ್ದಳು.
ಒಂದೇ ಕಂಪನಿಯ ಹದಿನೇಳು ಕೋವಿ ಗೋಡೆಗೊರಗಿ.
ನನ್ನ ಬೀಟೆಯವೂ ಎರಡು ಇದ್ದವು, ಪಕ್ಕದ ಸಾಲಿನಲ್ಲಿ,
ಲೈಟು ಬಿದ್ದರೆ ಹೊಳೆಯುತ್ತ.
ಪೇದೆ ನಂಬರು ಓದಲು ಕನ್ನಡಕ ಒರೆಸುತ್ತಿದ್ದ.
ಅವಳು ಬುಡಗಳ ಮೇಲೆ ಬೆರಳಾಡಿಸುತ್ತ ಹೋಗಿ
ಒಂಬತ್ತನೆಯದರಲ್ಲಿ ನಿಂತಳು.

ಮುಟ್ಟಿ ನೋಡು ಅಂದಳು.
ರಬ್ಬರಿನ ತುಂಬ ಸಣ್ಣ ಸಣ್ಣ ಗುಳಿ,
ಸಾಲು ಸಾಲು, ಎಲ್ಲೂ ಒಂದರ ಮೇಲೊಂದು ಹತ್ತದೆ.
ನನ್ನ ಪೆಟ್ಟಿಗೆಯ ಹನ್ನೊಂದು ಉಳಿಗಳನ್ನೂ
ಮನಸ್ಸಿನಲ್ಲೇ ತಿರುವಿ ಹಾಕಿದೆ.
ಈ ಕೆಲಸಕ್ಕೆ ಒಂದೂ ಇಲ್ಲ.

ಬಾಕಿ ಇನ್ನೂರಿತ್ತು.
ಠಾಣೆಯ ಮೆಟ್ಟಿಲ ಮೇಲೇ ತೀರಿಸಿದಳು,
ನೂರರ ನೋಟೊಂದು,
ಉಳಿದದ್ದು ಈರುಳ್ಳಿ.